ಮೂರು ವರ್ಷದ ಮಗುವಿಗೆ ಯಾವ ಕಾರ್ಟೂನ್ ಹಾಕ್ತೀರಿ?

ಮಗನಿಗೆ ಮೂರು ತುಂಬಿದೆ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ಟಿವಿ ಹಾಕದಿದ್ದರೆ ಊಟಕ್ಕೆ ಬಾಯೇ ತೆರೆಯಲ್ಲ. ಪೂರ್ತಿ ಬಂದ್ ಮಾಡಿ ಅಂತ ಮಾತ್ರ ಹೇಳಬೇಡಿ, ಸದ್ಯಕ್ಕೆ ಆಗಲ್ಲ. ಯಾವುದು ಹಾಕಬಹುದು, ಯಾವುದು ಬೇಡ? ನಿಮ್ಮನೆ ಅನುಭವ ಹೇಳಿ.

ಇಬ್ಬರು ಮಕ್ಕಳ ಅಮ್ಮ, ಮೈಸೂರು

ದೊಡ್ಡವಳಿಗೆ ಎಂಟು, ಚಿಕ್ಕವನಿಗೆ ನಾಲ್ಕು. ಹಾಗಾಗಿ ಇಷ್ಟ ಇರಲಿ ಬಿಡಲಿ, ಆರು ವರ್ಷದಿಂದ ನಾನೂ ಕಾರ್ಟೂನ್ ನೋಡುತ್ತಿದ್ದೇನೆ. ಮೊದಲು ಕಥೆ ಒಳ್ಳೆಯದಾ, ನೀತಿ ಇದೆಯಾ ಅಂತೆಲ್ಲ ಹುಡುಕುತ್ತಿದ್ದೆ. ಈಗ ನೋಡುವುದು ಒಂದೇ: ಟಿವಿ ಆಫ್ ಮಾಡಿದ ಮೇಲೆ ಹತ್ತು ನಿಮಿಷ ಮಗು ಏನು ಮಾಡುತ್ತದೆ?

ಚಿಕ್ಕವನಿಗೆ ಎರಡೂವರೆ ಇದ್ದಾಗ ಒಂದು ಶಿಶುಗೀತೆ ಚಾನೆಲ್ ಹಾಕುತ್ತಿದ್ದೆ. ಹಾಡು ಮುದ್ದಾಗಿದ್ದವು, ಬೈಗುಳ ಇಲ್ಲ, ಹೊಡೆದಾಟ ಇಲ್ಲ. ಆದರೆ ಒಂದು ಚಿತ್ರ ಕಣ್ಣಿಗೆ ಕೂರುವಷ್ಟರಲ್ಲಿ ಮುಂದಿನದು ಬಂದುಬಿಡುತ್ತಿತ್ತು. ಆಫ್ ಮಾಡಿದರೆ ನೆಲಕ್ಕೆ ಬಿದ್ದು ಉರುಳಾಡುತ್ತಿದ್ದ. ನಮ್ಮ ಹುಡುಗನೇ ಹಠಮಾರಿ ಅಂದುಕೊಂಡಿದ್ದೆ. ಪೆಪ್ಪಾ ಪಿಗ್ ಹಾಕಿದ ದಿನ ಅಷ್ಟು ಗಲಾಟೆ ಇರಲಿಲ್ಲ. ಐದು ನಿಮಿಷಕ್ಕೆ ಒಂದು ಕಥೆ ಮುಗಿಯುತ್ತದೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ, ಅಲ್ಲಿಗೆ ಬಟನ್ ಒತ್ತಬಹುದು. (ಆ ಪೆಪ್ಪಾ ಅಪ್ಪನಿಗೆ ಪೆದ್ದಪ್ಪ ಅನ್ನೋ ಥರ ಮಾತಾಡುವುದು ನಮ್ಮ ಯಜಮಾನರಿಗೆ ಇವತ್ತಿಗೂ ಆಗಲ್ಲ.)

ಆಮೇಲೆ ಓದಿದೆ. 2011ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಸರಸರ ಓಡುವ ಕಾರ್ಟೂನ್, ಇನ್ನೊಂದಕ್ಕೆ ನಿಧಾನದ್ದು, ಮೂರನೆಯದಕ್ಕೆ ಕಾಗದ, ಕ್ರೇಯಾನ್. ಬರೀ 9 ನಿಮಿಷ. ಆಮೇಲೆ ಕಾಯುವ, ಗಮನ ಕೊಡುವ ಕೆಲಸ ಕೊಟ್ಟರೆ ವೇಗದ್ದು ನೋಡಿದವರು ಹಿಂದೆ ಬಿದ್ದರು. ಇದು ನೋಡಿ ಎದ್ದ ತಕ್ಷಣದ ಪರೀಕ್ಷೆ ಅಷ್ಟೇ, ಮಗು ಹಾಳಾಯಿತು ಅಂತ ಅರ್ಥ ಅಲ್ಲ. ಆದರೆ ನಮ್ಮನೆ ಉರುಳಾಟಕ್ಕೆ ಕಾರಣ ಇದೇ ಇರಬೇಕು ಅನ್ನಿಸಿತು.

ಛೋಟಾ ಭೀಮ್ ಬಗ್ಗೆ ಕೇಳುವವರು ಜಾಸ್ತಿ. ಮೂರು ವರ್ಷಕ್ಕೆ ಬೇಡ ಅಂತೀನಿ. ಲಡ್ಡು ತಿನ್ನು, ಗುದ್ದು, ಗೆಲ್ಲು, ಹೆಚ್ಚುಕಮ್ಮಿ ಇಷ್ಟೇ. ಆದರೂ ಆ ಲಡ್ಡುವಿಗೆ ನಾನು ಋಣಿ. ದೊಡ್ಡವಳು ಮುದ್ದೆ ಮುಟ್ಟುತ್ತಿರಲಿಲ್ಲ. ನಮ್ಮಮ್ಮ ಗೋಲಿಗಿಂತ ಸ್ವಲ್ಪ ದಪ್ಪ ಉಂಡೆ ಮಾಡಿ, ತುಪ್ಪ ಸವರಿ, ‘ಇದು ಭೀಮನ ಕಪ್ಪು ಲಡ್ಡು’ ಅಂದರು. ಏಳು ಉಂಡೆ ನುಂಗಿದಳು. ಈಗ ಸಾರಲ್ಲಿ ಅದ್ದಿಕೊಂಡು ಎರಡು ಮುದ್ದೆ ಉಣ್ಣುತ್ತಾಳೆ.

ಇನ್ನು ಸಮಯ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬೇಡಿ ಅನ್ನುತ್ತದೆ ಮಕ್ಕಳ ಡಾಕ್ಟರುಗಳ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್. ನಮ್ಮನೆಯಲ್ಲಿ ಮಳೆಗಾಲದಲ್ಲಿ ಮೀರುತ್ತದೆ, ಸುಳ್ಳು ಯಾಕೆ ಹೇಳಲಿ.

ಒಬ್ಬ ಅಜ್ಜಿ, ತುಮಕೂರು

ಎಲ್ಲರೂ ‘ಅತ್ತೆ ಟಿವಿ ಹಾಕ್ತಾರೆ’ ಅಂತೀರಲ್ಲಮ್ಮಾ. ತಟ್ಟೆ ಹಿಡಿದು ಮಗುವಿನ ಹಿಂದೆ ಓಡೋಕೆ ನಮ್ಮ ಮಂಡಿ ಕೇಳಬೇಡವಾ? ನಾನೂ ಹಾಕುತ್ತಿದ್ದೆ. ಒಂದು ದಿನ ನೋಡಿದರೆ ಮೊಮ್ಮಗನಿಗೆ ಬಾಯಲ್ಲಿ ಅನ್ನ ಇದೆಯೋ ಸಾರು ಇದೆಯೋ ಗೊತ್ತಿಲ್ಲ, ಸುಮ್ನೆ ಬಾಯಿ ತೆಗೆಯುತ್ತಾನೆ. ಊಟ ಆದಮೇಲೆ ಟಿವಿ ಅಂತ ಮಾಡಿದೆ. ಮೂರು ದಿನ ಅತ್ತ. ನಾಲ್ಕನೇ ದಿನ ಅವನಿಗೇ ಒಂದು ಪುಟ್ಟ ತಟ್ಟೆಯಲ್ಲಿ ಚಿತ್ರಾನ್ನ ಹಾಕಿ ಪಕ್ಕದಲ್ಲಿ ಕೂರಿಸಿಕೊಂಡೆ. ಕಡಲೆಬೀಜ ಅಷ್ಟೂ ಹೆಕ್ಕಿ ತಿಂದ, ಅರ್ಧ ಅನ್ನ ನೆಲಕ್ಕೆ. ಆದರೂ ತಾನೇ ತಿಂದ. ಮತ್ತೆ, ಕಾರ್ಟೂನಿಗಿಂತ ನಮ್ಮ ರಾತ್ರಿ ಸೀರಿಯಲ್ ಮೊದಲು ನಿಲ್ಲಿಸಬೇಕು. ‘ನಿನ್ನ ಬಿಡಲ್ಲ’ ಅಂತ ಕಣ್ಣು ಕೆಕ್ಕರಿಸೋದನ್ನು ಅವನು ಕಲಿತದ್ದು ಅದರಿಂದಲೇ.

ಹುಬ್ಬಳ್ಳಿಯ ಅಪ್ಪ

ನನ್ನ ತಕರಾರು ಭಾಷೆಯದು. ಮಗಳು ನೀರಿಗೆ ‘ಪಾನಿ’ ಅಂತಾಳ್ರೀ, ಮನೆಯಲ್ಲಿ ಒಬ್ಬರೂ ಹಿಂದಿ ಆಡುವುದಿಲ್ಲ. ನನ್ನ ಅಕ್ಕನ ಮಗಳು ಸಣ್ಣವಳಿದ್ದಾಗ ಚಿಂಟು ಟಿವಿಯಲ್ಲಿ ಡೋರಾ ಕನ್ನಡದಲ್ಲಿ ಬರುತ್ತಿತ್ತು. ಡೋರಾ ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಾಳೆ, ನೋಡುವ ಮಗು ಹೇಳಲಿ ಅಂತ. ನಮ್ಮ ಹುಡುಗಿ ಎದ್ದು ನಿಂತು, ಬೀದಿಗೆ ಕೇಳುವಂತೆ ‘ಅಲ್ಲೈತಿ! ಹಿಂದ ನೋಡು!’ ಅಂತ ಕೂಗುತ್ತಿದ್ದಳು. ಬೇರೆ ಭಾಷೆಯ ಕಾರ್ಟೂನಿಗೆ ಮಗಳು ಹಾಗೆ ಉತ್ತರ ಕೊಟ್ಟದ್ದು ನಾನು ನೋಡಿಲ್ಲ. ಈಗ ಸೌಂಡ್ ಮ್ಯೂಟ್ ಮಾಡಿ ನಾನೇ ಕನ್ನಡದಲ್ಲಿ ಕಥೆ ಹೇಳುತ್ತೇನೆ. ಎರಡು ಎಪಿಸೋಡಿಗೆ ಗಂಟಲು ಕಟ್ಟುತ್ತದೆ, ಅಲ್ಲಿಗೆ ಟಿವಿ ಬಂದ್.

ಮೆಲ್ಬರ್ನ್‌ನಿಂದ

ಬ್ಲೂಯಿ ನೋಡಿ. ಇಲ್ಲಿಯದೇ, ಬ್ರಿಸ್ಬೇನ್‌ನಲ್ಲಿ ತಯಾರಾಗುತ್ತದೆ, 2018ರಿಂದ ಬರುತ್ತಿದೆ, ಒಂದೊಂದು ಕಥೆ ಏಳು ನಿಮಿಷ. ನಾಯಿಗಳ ಮನೆ: ಅಪ್ಪ, ಅಮ್ಮ, ಇಬ್ಬರು ಹೆಣ್ಣುಮಕ್ಕಳು. ಒಂದು ಕಥೆಯಲ್ಲಿ ಬಲೂನ್ ನೆಲಕ್ಕೆ ಬೀಳದ ಹಾಗೆ ಆಡುತ್ತಾರೆ, ಅಷ್ಟೇ. ಅದು ಮುಗಿದ ಕೂಡಲೇ ನಮ್ಮವನು ಟಿವಿ ಬಿಟ್ಟು ಬಲೂನ್ ಹುಡುಕುತ್ತಾನೆ. ತೊಂದರೆ ಏನಂದ್ರೆ, ಆ ಅಪ್ಪ ಸದಾ ಆಟಕ್ಕೆ ರೆಡಿ. ಆಫೀಸಿನಿಂದ ಬಂದು ಸೋಫಾ ಮೇಲೆ ಬಿದ್ದುಕೊಂಡ ನನ್ನಂಥವರಿಗೆ ಉಳಿಗಾಲ ಇಲ್ಲ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಮಂಡಿ ಮಾತಿಗೆ ಜೋರಾಗಿ ತಲೆ ಆಡಿಸಿದರು, ಸೀರಿಯಲ್ ಮಾತು ಬಂದಾಗ ಎದ್ದು ಅಡುಗೆಮನೆಗೆ ಹೋದರು.