ಅಜ್ಜ-ಅಜ್ಜಿಯ ಫೋಟೊ, ದೊಡ್ಡಪ್ಪನ ಕ್ಯಾಮೆರಾ

ಅತ್ತೆ: ಅಪ್ಪ-ಅಮ್ಮನ ಈ ಫೋಟೊಗೆ ಫ್ರೇಮ್ ಹಾಕಿಸೋಣ ಅಂತ ಸ್ಟುಡಿಯೋಗೆ ಹೋಗಿದ್ದೆ. 12x18 ಇಂಚು ಮಾಡಿದರೆ ಒಡೆದುಹೋಗುತ್ತದೆ ಅಂದರು. ಸಹಸ್ರಚಂದ್ರ ಶಾಂತಿಯ ದಿನದ್ದು, ಫೋನಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿದೆ! ಯಾಕೆ ಹೀಗೆ?

ದೊಡ್ಡಪ್ಪ: ಫೋನಿನಲ್ಲಿ ತೆಗೆದದ್ದು ಅಲ್ವಾ, ಅದಕ್ಕೇ. ಕ್ಯಾಮೆರಾ ತರುತ್ತೇನೆ ಅಂದೆ. ಬೇಡ, ಎಲ್ಲರ ಕೈಯಲ್ಲೂ ಫೋನ್ ಇದೆ ಅಂದಿರಿ.

ಚಿಕ್ಕಪ್ಪ: ಅಣ್ಣ, ಫೋನಿನ ಮೇಲೆ ಸುಮ್ನೆ ತಪ್ಪು ಹೊರಿಸಬೇಡ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೊ ಕುಗ್ಗುತ್ತದೆ. ನನ್ನ ಫೋನಿನಲ್ಲಿ ಅದು 4000x3000 ಚುಕ್ಕೆ, ಅಂದರೆ ಪಿಕ್ಸೆಲ್. ಅಕ್ಕನ ಕೈಗೆ ಸಿಕ್ಕಿದ್ದು 1600x1200. 18 ಇಂಚು ಉದ್ದಕ್ಕೆ ಹಂಚಿದರೆ ಇಂಚಿಗೆ 90 ಚುಕ್ಕೆಯೂ ಬೀಳುವುದಿಲ್ಲ. ಮೂಲ ಫೈಲ್ ಆದರೆ 220 ಬೀಳುತ್ತದೆ. ಗೋಡೆ ಮೇಲೆ ತೂಗುಹಾಕಲು ಅಷ್ಟು ಸಾಕು. ಈಗ ಡಾಕ್ಯುಮೆಂಟ್ ಮಾಡಿ ಕಳಿಸುತ್ತೇನೆ, ನೋಡಿ.

ನಾನು: ಬಂತು ಚಿಕ್ಕಪ್ಪ. ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿ ನೋಡಿದೆ. ಅಜ್ಜಿಯ ಮಲ್ಲಿಗೆ ನೋಡಿ. ಕಿವಿ ಹತ್ತಿರ ಮೊಗ್ಗು ಒಂದೊಂದಾಗಿ ಎಣಿಸಬಹುದು. ಎರಡು ಬೆರಳು ಆಚೆಗೆ ಹೂವೆಲ್ಲ ಗೋಡೆಯಲ್ಲಿ ಕರಗಿಹೋಗಿದೆ. ಪೋರ್ಟ್ರೇಟ್ ಮೋಡ್ ಹಾಕಿದ್ದಿರಿ ಅಲ್ವಾ? ತಲೆ ಎಲ್ಲಿಗೆ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತ ಫೋನ್ ಲೆಕ್ಕ ಹಾಕಿ ಹಿಂದಿನದನ್ನು ಮಸುಕು ಮಾಡುತ್ತದೆ. ಬಿಡಿಕೂದಲು, ಹೂವು, ಕನ್ನಡಕದ ಅಂಚು ಬಂದಾಗ ಎಷ್ಟೋ ಸಲ ಲೆಕ್ಕ ತಪ್ಪುತ್ತದೆ.

ಅಜ್ಜನ ಹಣೆಯ ಗೆರೆಗಳು ಎಲ್ಲಿ ಹೋದವು? ಚಿಕ್ಕವಳಿದ್ದಾಗ ತೊಡೆ ಮೇಲೆ ಕೂತು ಆ ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದೆ. ಮೂರು ಗೆರೆ. ಈ ಫೋಟೊದಲ್ಲಿ ಒಂದೂ ಇಲ್ಲ. ನನಗೆ ನಿಜವಾಗಿ ಬೇಜಾರಾಯಿತು.

ಚಿಕ್ಕಪ್ಪ: ಮುಖ ನುಣುಪು ಮಾಡುವ ಬ್ಯೂಟಿ ಮೋಡ್ ಆನ್ ಇತ್ತು, ನಾನು ಗಮನಿಸಲಿಲ್ಲ. ಆದರೆ ಅದು ಸೆಟಿಂಗ್ ವಿಷಯ, ಆಫ್ ಮಾಡಿದರೆ ಮುಗಿಯಿತು. ಈಗ ಫೋನ್‌ಗಳಲ್ಲಿ 200 ಮೆಗಾಪಿಕ್ಸೆಲ್ ಬಂದಿದೆ. ಅಣ್ಣನ ಕ್ಯಾಮೆರಾ ಬರೀ 24. 2010ರಲ್ಲಿ ಜಪಾನಿನ ಕಂಪನಿಗಳು 12 ಕೋಟಿ ಡಿಜಿಟಲ್ ಕ್ಯಾಮೆರಾ ಮಾರುಕಟ್ಟೆಗೆ ಕಳಿಸಿದ್ದವು. 2023ರಲ್ಲಿ 80 ಲಕ್ಷವೂ ಇಲ್ಲ. ಜನ ಯಾಕೆ ಬಿಟ್ಟರು ಹೇಳು.

ದೊಡ್ಡಪ್ಪ: ಬಿಟ್ಟದ್ದು ಜಾಸ್ತಿ ಜೇಬಿಗೆ ಹಾಕಿಕೊಳ್ಳುವ ಚಿಕ್ಕ ಕ್ಯಾಮೆರಾ. ಆ ಕೆಲಸ ಫೋನ್ ಮಾಡುತ್ತದೆ, ಒಪ್ಪಿದೆ. ಆದರೆ ಆ 200ನ್ನು ನಂಬಬೇಡ. ಮಾಮೂಲಿಯಾಗಿ ತೆಗೆದಾಗ ಹದಿನಾರು ಚುಕ್ಕೆ ಸೇರಿಸಿ ಒಂದು ಮಾಡಿ, ಕೊನೆಗೆ 12.5 ಮೆಗಾಪಿಕ್ಸೆಲ್ ಫೋಟೊನೇ ಕೊಡುತ್ತದೆ. ಯಾಕೆಂದರೆ ಚುಕ್ಕೆಗಳು ಅಷ್ಟು ಸಣ್ಣ, ಒಂದೊಂದಕ್ಕೂ ಸಿಗುವ ಬೆಳಕು ಸಾಲದು. ನನ್ನ ನಿಕಾನ್ ಡಿ3400 ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ 23.5x15.6 ಮಿಲಿಮೀಟರ್. ಒಳ್ಳೆಯ ಫೋನಿನದ್ದು ಸುಮಾರು 10x7. ಐದು ಪಟ್ಟು ವ್ಯತ್ಯಾಸ. ಬೀಳುವ ಮಳೆ ಒಂದೇ, ಹಂಡೆ ಇಟ್ಟವನಿಗೆ ಎಷ್ಟು ನೀರು, ಚೊಂಬು ಇಟ್ಟವನಿಗೆ ಎಷ್ಟು?

ಕಿರಣ: ದೊಡ್ಡಪ್ಪ, ಅದಕ್ಕೇ ಫೋನ್ ಒಂದೇ ಕ್ಲಿಕ್‌ಗೆ ಹಲವು ಫೋಟೊ ತೆಗೆದು ಸೇರಿಸುತ್ತದೆ. ಚೊಂಬಿನಲ್ಲೇ ಹತ್ತು ಸಲ ಹಿಡಿದ ಹಾಗೆ. ಅವತ್ತು ರಾತ್ರಿ ಅಂಗಳದ ದೀಪದ ಸಾಲು ಎಷ್ಟು ಚೆನ್ನಾಗಿ ಬಂದಿದೆ ನೋಡಿ.

ನಾನು: ಕಿರಣ, ದೀಪದ ಸಾಲು ಅಲುಗಾಡದೆ ಇತ್ತು. ಆರತಿ ಎತ್ತುವ ಫೋಟೊ ತೆರೆದು ನೋಡು. ಅತ್ತೆಯ ಕೈ ಹೊಗೆಯ ಹಾಗೆ ಬಂದಿದೆ, ಬಳೆ ಕಾಣುವುದೇ ಇಲ್ಲ.

ಅತ್ತೆ: ಅದೆಲ್ಲ ಇರಲಿ. ಅಣ್ಣ, ಮೊಮ್ಮಗುವಿನ ನಾಮಕರಣಕ್ಕೆ ನೀನು ಕ್ಯಾಮೆರಾ ತಂದಿದ್ದೆ. ಆ ಫೋಟೊ ಎಲ್ಲಿ? ವರ್ಷವಾಯಿತು, ಒಂದೂ ನಾನು ನೋಡಿಲ್ಲ. ಕಾರ್ಡ್‌ನಲ್ಲಿದೆ ಅನ್ನುತ್ತೀಯ. ಮಗು ಮೊದಲ ಹೆಜ್ಜೆ ಇಟ್ಟಾಗ ನಿನ್ನ ಕ್ಯಾಮೆರಾ ಬೀರುವಿನಲ್ಲಿತ್ತು, ನನ್ನ ಫೋನ್ ಕೈಯಲ್ಲಿತ್ತು. ಬಾಗಿಲ ಹೊಸ್ತಿಲು ಹಿಡಿದು ಎದ್ದು ನಾಲ್ಕು ಹೆಜ್ಜೆ ಇಟ್ಟಿತು. ಅಮ್ಮ ಇವತ್ತಿಗೂ ಊಟ ಆದ ಮೇಲೆ ಆ ವಿಡಿಯೊ ಹಾಕಿಸಿಕೊಂಡು ನೋಡುತ್ತಾಳೆ. ನೋಡಲು ಸಿಗದ ಫೋಟೊ ಎಷ್ಟು ಚೆನ್ನಾಗಿದ್ದರೆ ಏನು ಬಂತು?

ದೊಡ್ಡಪ್ಪ: ಅದು ನನ್ನದೇ ತಪ್ಪು. ಇವತ್ತು ರಾತ್ರಿ ಎಲ್ಲ ಕಳಿಸುತ್ತೇನೆ.

ನಾನು: ಅತ್ತೆ ಹೇಳಿದ್ದು ಸರಿ. ದಿನದಿನದ ಫೋಟೊಗೆ ಫೋನೇ ಆಗಬೇಕು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಇದು ನಡುಮನೆ ಗೋಡೆಗೆ ಹಾಕುವ ಫೋಟೊ. ನಾವೆಲ್ಲ ಇರುವವರೆಗೂ ಅಲ್ಲಿರುತ್ತದೆ. ಅಜ್ಜ ಹೇಗಿದ್ದಾರೋ ಹಾಗೇ ಇರಬೇಕು, ಗೆರೆ ಸಮೇತ. ದೊಡ್ಡಪ್ಪ, ಭಾನುವಾರ ಬರುತ್ತೀರಾ? ಇನ್ನೊಂದು ಸಲ ತೆಗೆಯೋಣ.

ದೊಡ್ಡಪ್ಪ: ಬರುತ್ತೇನೆ. ಸಂಜೆ ನಾಲ್ಕೂವರೆಗೆ ಜಗಲಿಯಲ್ಲಿ ಮೆತ್ತನೆಯ ಬೆಳಕು ಬರುತ್ತದೆ, ಫ್ಲ್ಯಾಶ್ ಬೇಡ. 50 ಎಂಎಂ ಲೆನ್ಸ್ ತರುತ್ತೇನೆ. ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು ಮಾಡಿ 1.8 ಇಟ್ಟರೆ ಇಬ್ಬರಲ್ಲಿ ಒಬ್ಬರು ಮಸುಕಾಗಬಹುದು. ಕಿಂಡಿ ಚಿಕ್ಕದು ಮಾಡಿ 4 ಇಡುತ್ತೇನೆ, ಇಬ್ಬರ ಮುಖವೂ ಸ್ಪಷ್ಟವಾಗಿ ಬರುತ್ತದೆ.

ಚಿಕ್ಕಪ್ಪ: ನಾನೂ ಬರುತ್ತೇನೆ ಅಣ್ಣ. ಅಪ್ಪ ಕ್ಯಾಮೆರಾ ಕಂಡರೆ ಬಿಗಿಯಾಗಿ ಕೂರುತ್ತಾರೆ. ನಾನು ಪಕ್ಕದಲ್ಲಿ ಕೂತು ಅಡಿಕೆ ತೋಟದ ಮಾತು ತೆಗೆಯುತ್ತೇನೆ, ಆಗ ನೀನು ಕ್ಲಿಕ್ ಮಾಡು.

ಕಿರಣ: ನಾನು ಕಾರ್ಡ್ ರೀಡರ್ ತರುತ್ತೇನೆ. ಅಲ್ಲೇ ಎಲ್ಲರಿಗೂ ಕಾಪಿ ಮಾಡಿಕೊಡುತ್ತೇನೆ, ಡಾಕ್ಯುಮೆಂಟ್ ಮಾಡಿಯೇ.

ಅತ್ತೆ: ಮಲ್ಲಿಗೆ ನನಗಿರಲಿ. ಈ ಸಲ ಎರಡು ಮೊಳ ಜಾಸ್ತಿ ತರುತ್ತೇನೆ.