ಎರಡು ಮೈಕ್ ಸೇರಿಸಿದರೆ ಗಿಟಾರ್ ದನಿ ಸೊರಗುತ್ತದೆ, ಯಾಕೆ?

ಪ್ರಶ್ನೆ:
ಅಕೌಸ್ಟಿಕ್ ಗಿಟಾರ್‌ಗೆ ಎರಡು ಕಂಡೆನ್ಸರ್ ಮೈಕ್ ಇಟ್ಟಿದ್ದೇನೆ. ಒಂದು 12ನೇ ಫ್ರೆಟ್ ಎದುರು 25 ಸೆಂ.ಮೀ. ದೂರದಲ್ಲಿದೆ, ಇನ್ನೊಂದು ಬ್ರಿಡ್ಜ್ ಕಡೆಗೆ 60 ಸೆಂ.ಮೀ. ದೂರದಲ್ಲಿ. ಸೆಷನ್ 48 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್. ಬಿಡಿಬಿಡಿಯಾಗಿ ಎರಡೂ ಚೆನ್ನಾಗಿ ಕೇಳುತ್ತವೆ, ಎಡಬಲಕ್ಕೆ ಪ್ಯಾನ್ ಮಾಡಿದರೂ ಸರಿ. ಎರಡನ್ನೂ ಒಂದೇ ಚಾನಲ್‌ಗೆ ಸೇರಿಸುವ ಮೋನೋ ಒತ್ತಿದ ಕೂಡಲೇ ದನಿ ಟೊಳ್ಳು. ಇಕ್ಯೂನಲ್ಲಿ (ಆವರ್ತನಗಳ ಮಟ್ಟ ಏರಿಳಿಸುವ ಸಾಧನ) 500 ಹರ್ಟ್ಸ್ ಹತ್ತಿರ 6 ಡಿಬಿ ಏರಿಸಿದರೂ ತುಂಬಲಿಲ್ಲ. ಮತ್ತೆ ರೆಕಾರ್ಡ್ ಮಾಡಬೇಕೇ?

ಉತ್ತರ 1:
ಬೇಡ, ಈ ಟೇಕ್ ಉಳಿಸಿಕೊಳ್ಳಬಹುದು. ಮೊದಲು ಆ ಇಕ್ಯೂ ತೆಗೆಯಿರಿ. ದೂರದ ವ್ಯತ್ಯಾಸ 35 ಸೆಂ.ಮೀ., ಅಂದರೆ ಶಬ್ದ ಎರಡನೇ ಮೈಕ್‌ಗೆ ಸುಮಾರು 1 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅಷ್ಟು ತಡಕ್ಕೆ 500, 1500, 2500 ಹರ್ಟ್ಸ್ ಸುತ್ತ ಎರಡೂ ಅಲೆಗಳು ಒಂದನ್ನೊಂದು ಅಳಿಸುತ್ತವೆ. ನೀವು ಏರಿಸಿದಷ್ಟೂ ಎರಡೂ ಏರುತ್ತವೆ, ಅಳಿಯುವುದು ಅಳಿಯುತ್ತಲೇ ಇರುತ್ತದೆ.

ಎರಡೂ ಟ್ರ್ಯಾಕ್ ನಡುವಿಗೆ ಪ್ಯಾನ್ ಮಾಡಿ, ಮಟ್ಟ ಸಮ ಮಾಡಿ. ಒಂದು ಚುರುಕಾದ ಮೀಟು ಹುಡುಕಿ ಝೂಮ್ ಮಾಡಿ, ದೂರದ ಟ್ರ್ಯಾಕನ್ನು ಸುಮಾರು 49 ಸ್ಯಾಂಪಲ್ ಹಿಂದಕ್ಕೆ, ಅಂದರೆ ಎಡಕ್ಕೆ, ಸರಿಸಿ. ಆಮೇಲೆ ಕಣ್ಣನ್ನು ನಂಬಬೇಡಿ. ಒಂದು ಟ್ರ್ಯಾಕಿನ ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ), ಒಂದೊಂದೇ ಸ್ಯಾಂಪಲ್ ಆಚೀಚೆ ಮಾಡುತ್ತಾ ದನಿ ಅತ್ಯಂತ ಬಡವಾಗುವ ಜಾಗ ಹಿಡಿಯಿರಿ. ತುಂಬಿದ್ದನ್ನು ಹುಡುಕುವುದಕ್ಕಿಂತ ಖಾಲಿಯಾದದ್ದು ಕಿವಿಗೆ ಬೇಗ ಸಿಗುತ್ತದೆ. ಪೋಲಾರಿಟಿ ವಾಪಸ್ ತಿರುಗಿಸಿದರೆ ಅದೇ ತುಂಬಿದ ಜಾಗ.

ಉತ್ತರ 2:
ಸರಿಸದೆ ಬರೀ ಪೋಲಾರಿಟಿ ತಿರುಗಿಸಿ ಬಿಡುವವರೂ ಇದ್ದಾರೆ, ಅದು ಇಲ್ಲಿ ಪರಿಹಾರವಲ್ಲ. 500ರ ಹಳ್ಳ ಮುಚ್ಚುತ್ತದೆ, ಆದರೆ 1000ದಲ್ಲಿ ಹೊಸದು ತೋಡುತ್ತದೆ, ದಪ್ಪ ತಂತಿಗಳ ತಗ್ಗು ದನಿಯ ತೂಕವೂ ಹೋಗುತ್ತದೆ. ಅದಕ್ಕಿಂತ ಮಟ್ಟ ಬದಲಿಸಿ ನೋಡಿ: ಒಂದು ಮೈಕ್ 10 ಡಿಬಿ ಕೆಳಗಿದ್ದರೆ ಹಳ್ಳದ ಆಳ ಬರೀ 3 ಡಿಬಿ ಚಿಲ್ಲರೆ. ಇನ್ನು ಮೂರಕ್ಕೊಂದು ನಿಯಮ (ಮೈಕ್‌ನಿಂದ ಮೂಲಕ್ಕೆ ಇರುವ ದೂರದ ಮೂರು ಪಟ್ಟಾದರೂ ಮೈಕ್‌ಗಳ ನಡುವೆ ಇರಲಿ ಎನ್ನುವುದು) ಇರುವುದು ಎರಡು ಮೂಲಗಳಿಗೆ, ಉದಾಹರಣೆಗೆ ಹಾಡುವವರಿಗೆ ಒಂದು, ವಾದ್ಯಕ್ಕೆ ಒಂದು ಮೈಕ್ ಇಟ್ಟಾಗ. ಒಂದೇ ಗಿಟಾರ್‌ಗೆ ಅದನ್ನು ಅಳೆಯುತ್ತಾ ಕೂರಬೇಡಿ.

ಪ್ರಶ್ನೆ ಕೇಳಿದವರು:
52 ಸ್ಯಾಂಪಲ್‌ಗೆ ಸರಿಹೋಯಿತು, ಮೋನೋ ಗಟ್ಟಿಯಾಗಿದೆ. ಆದರೆ ಸ್ಟೀರಿಯೋದಲ್ಲಿ ಅಗಲ ಕುಗ್ಗಿತು. ಬೇರೆ ಟೇಕ್‌ಗಳ ಒಳ್ಳೆಯ ತುಣುಕುಗಳನ್ನು ಸೇರಿಸಿ ಕಾಂಪ್ ಮಾಡುವುದೂ ಬಾಕಿ ಇದೆ.

ಉತ್ತರ 3:
ಆ ಅಗಲದ ಒಂದು ಪಾಲು ಬಂದಿದ್ದೇ ಸಮಯದ ವ್ಯತ್ಯಾಸದಿಂದ, ಹಾಗಾಗಿ ಎರಡನ್ನೂ ಪೂರ್ತಿ ಉಳಿಸಿಕೊಳ್ಳಲಾಗದು. ದನಿಯ ಮೈಯನ್ನೇ ಉಳಿಸಿಕೊಳ್ಳಿ.

ಕಾಂಪ್ ಮಾಡುವ ಮುನ್ನ ಎಲ್ಲ ಟೇಕ್‌ಗಳಲ್ಲೂ ದೂರದ ಟ್ರ್ಯಾಕನ್ನು ಅದೇ 52 ಸ್ಯಾಂಪಲ್ ಸರಿಸಿ, ಎರಡೂ ಟ್ರ್ಯಾಕ್ ಗ್ರೂಪ್ ಮಾಡಿ. ಒಂದನ್ನೇ ಕತ್ತರಿಸಿ ಜರುಗಿಸಿದರೆ ಪ್ರತಿ ಕಟ್‌ನಲ್ಲೂ ದನಿಯ ಬಣ್ಣ ಬದಲಾಗುತ್ತದೆ. ಕಟ್ ಮೀಟಿಗೆ ಸ್ವಲ್ಪ ಮುಂಚೆ ಇರಲಿ, ಕ್ರಾಸ್‌ಫೇಡ್ 5ರಿಂದ 10 ಮಿಲಿಸೆಕೆಂಡ್ ಸಾಕು. ಹೈಪಾಸ್ (ತಗ್ಗು ಆವರ್ತನ ಕತ್ತರಿಸುವ ಫಿಲ್ಟರ್), ಕಂಪ್ರೆಸರ್ ಇವನ್ನು ಎರಡೂ ಮೈಕ್ ಕೂಡುವ ಬಸ್ ಮೇಲೆ ಹಾಕಿ; ಒಂದೇ ಮೈಕ್‌ಗೆ ಹೈಪಾಸ್ ಹಾಕಿದರೆ ಕಟ್‌ಆಫ್ ಸುತ್ತ ಫೇಸ್ ತಿರುಗಿ, ಈಗ ಪಟ್ಟ ಶ್ರಮ ಅಷ್ಟರಮಟ್ಟಿಗೆ ಹಾಳು. ಅಗಲವೂ ಬೇಕು, ಮೋನೋ ಕೂಡ ಗಟ್ಟಿಯಾಗಿರಬೇಕು ಎಂದಾದರೆ ಮುಂದಿನ ಸಲ ಎರಡೂ ಕ್ಯಾಪ್ಸೂಲ್ (ಮೈಕ್‌ನ ಶಬ್ದ ಹಿಡಿಯುವ ಭಾಗ) ಒಂದರ ಮೇಲೊಂದು ಬರುವಂತೆ 90 ಡಿಗ್ರಿ ಕೋನದಲ್ಲಿ ಎಕ್ಸ್‌ವೈ ಜೋಡಿಸಿ. ಅಗಲ ಇದಕ್ಕಿಂತ ತುಸು ಕಡಿಮೆ ಸಿಗಬಹುದು, ಸರಿಸುವ ಕೆಲಸವಂತೂ ಇರುವುದಿಲ್ಲ.