ಹೆರಿಗೆ ಪುಣೆಯಲ್ಲೇ, ಬಾಣಂತನಕ್ಕೆ ಯಾರನ್ನು ಯಾವಾಗ ಕರೆಸಲಿ?

ಪೇಡೆಯೂರಿನವಳು, ವಾಕಡ್
ಮೊದಲ ಹೆರಿಗೆ, ಈಗ ಏಳು ತಿಂಗಳು. ಧಾರವಾಡಕ್ಕೆ ತವರಿಗೆ ಹೋಗೋದಿತ್ತು, ಆದರೆ ಬಸುರಲ್ಲಿ ಶುಗರ್ ಬಂದಿದೆ, ಹಾಗಾಗಿ ಇಲ್ಲಿನ ಡಾಕ್ಟರ್ ಹತ್ತಿರವೇ ಆಗಲಿ ಅಂತ ಉಳಿದಿದ್ದೇನೆ. ಅವ್ವ ಬರುತ್ತಾಳೆ. ಅವಳಿಗೆ ಮಂಡಿನೋವು, ಅಪ್ಪನನ್ನು ಒಂದು ತಿಂಗಳಿಗಿಂತ ಜಾಸ್ತಿ ಒಬ್ಬನೇ ಬಿಡೋಕೂ ಆಗಲ್ಲ. ಅತ್ತೆಯೂ ಬರ್ತೀನಿ ಅಂತಾರೆ. ಎರಡು ಬೆಡ್‌ರೂಮಿನ ಮನೆ, ಗಂಡನಿಗೆ ಐದೇ ದಿನ ರಜೆ. ಇಬ್ಬರನ್ನೂ ಒಟ್ಟಿಗೆ ಕರೆಸಲಾ? ಮಾಲಿಶ್ ಬಾಯಿಯನ್ನು (ಬಾಣಂತಿಗೆ, ಮಗುವಿಗೆ ಎಣ್ಣೆ ತಿಕ್ಕುವ ಹೆಂಗಸು) ಈಗಲೇ ಗೊತ್ತು ಮಾಡಬೇಕಾ? ನನ್ನ 26 ವಾರದ ರಜೆಯಲ್ಲಿ ಹೆರಿಗೆಗೆ ಮೊದಲೇ ಎಷ್ಟು ತಗೊಳ್ಳಲಿ?

ಕೋಥರೂಡಿನ ಅಕ್ಕ
ಒಟ್ಟಿಗೆ ಬೇಡವೇ ಬೇಡ ತಂಗಿ. ನಾನು ಕರೆಸಿದ್ದೆ. ಮಗುವಿಗೆ ಟೋಪಿ ಹಾಕಬೇಕೋ ಬೇಡವೋ ಅಂತ ಮೇ ತಿಂಗಳ ಸೆಕೆಯಲ್ಲಿ ಅಮ್ಮ ಅತ್ತೆ ಇಬ್ಬರೂ ಮೂರು ದಿನ ಮಾತು ಬಿಟ್ಟಿದ್ದರು, ನಡುವೆ ನಾನು ಹೊಲಿಗೆ ಹಿಡಿದುಕೊಂಡು ಚಹಾ ಮಾಡ್ತಿದ್ದೆ. ಮೊದಲು ಅವ್ವ, ಆಮೇಲೆ ಅತ್ತೆ, ನಡುವೆ ಎರಡು ದಿನ ಮಾತ್ರ ಇಬ್ಬರೂ.

ಮಗು ನೋಡೋಕೆ ಜನ ಸಿಗ್ತಾರೆ. ಅಡುಗೆಮನೆಗೂ ರಾತ್ರಿಗೂ ಯಾರೂ ಸಿಗಲ್ಲ. ಅಡುಗೆ ಬಾಯಿಯನ್ನು ಒಂಬತ್ತನೇ ತಿಂಗಳಿಂದಲೇ ಹಚ್ಚು, ಅವ್ವನ ಮಂಡಿಗೂ ಆರಾಮ. ರಾತ್ರಿ ಪಾಳಿ ಗಂಡನದು. ಮೂರು ಗಂಟೆಗೆ ಹಾಲು ಕುಡಿಸೋದು ನೀನೇ ಸರಿ, ತೇಗಿಸೋದು, ಲಂಗೋಟಿ ಬದಲಿಸೋದು, ಫ್ಲಾಸ್ಕಿಗೆ ಬಿಸಿನೀರು ತುಂಬೋದು ಅವನು ಮಾಡಬಹುದಲ್ವಾ? ಐದು ದಿನದ ರಜೆಯನ್ನು ಆಸ್ಪತ್ರೆಯಲ್ಲೇ ಮುಗಿಸಬೇಡಿ ಅಂತ ಹೇಳು, ಮನೆಗೆ ಬಂದ ಮೇಲೇ ಕಷ್ಟ ಶುರುವಾಗೋದು.

ಡೊಂಬಿವಲಿ ಬಾಣಂತಿ
ಮಾಲಿಶ್ ಬಾಯಿಗೆ ಈಗಲೇ ಹೇಳಿಡಿ, ಒಳ್ಳೆಯವರು ಬೇಗ ಬುಕ್ ಆಗ್ತಾರೆ. ತಾರೀಕು ಹಿಂದೆ ಮುಂದೆ ಆದರೆ ಏನು, ರಜೆ ಹಾಕಿದ ದಿನದ ದುಡ್ಡು ಹೇಗೆ, ಮೊದಲೇ ಮಾತಾಡಿ. ಸಿಸೇರಿಯನ್ ಆದರೆ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ನಮ್ಮ ಬಾಯಿ ಒಳ್ಳೆಯವಳೇ, ಬಳೆ ತೆಗೆದು ಸೀರೆ ಸೆರಗಿಗೆ ಕಟ್ಟಿಕೊಂಡು ಕೂರುತ್ತಿದ್ದಳು. ಆದರೆ ಮಗುವಿನ ಮೂಗಿಗೆ ಎಣ್ಣೆ ಬಿಡೋಕೆ ಹೊರಟಾಗ ಕೈ ಹಿಡಿದು ನಿಲ್ಲಿಸಬೇಕಾಯ್ತು. ಶೇಕ್-ಶೇಗಡಿ ಅಂತ ಶಾಖ ಕೊಡೋಕೆ ಕೆಂಡ ತಂದರೆ ಫ್ಲ್ಯಾಟಿನ ಮುಚ್ಚಿದ ಕೋಣೆಯಲ್ಲಿ ಖಂಡಿತ ಬೇಡ, ಇಬ್ಬರಿಗೂ ಹೊಗೆ ಅಪಾಯ.

ಠಾಣೆಯ ಎಚ್‌ಆರ್
ಕಾನೂನಿನಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ ತಗೋಬಹುದು, ಉಳಿದದ್ದು ಆಮೇಲೆ. ಆಗುವಷ್ಟು ಉಳಿಸಿಕೊಳ್ಳಿ, ಅತ್ತೆ ಹೊರಟ ಮೇಲೆ ಬೇಕಾಗುತ್ತೆ. ಶುಗರ್ ಹೆರಿಗೆಯಾದ ಮೇಲೆ ಹೋಯ್ತು ಅಂದುಕೊಂಡು ಸುಮ್ನೆ ಕೂರಬೇಡಿ, 6 ವಾರಕ್ಕೆ ಮತ್ತೆ ಟೆಸ್ಟ್ ಇದೆ, ಮಗುವಿನ ಲಸಿಕೆಯೂ ಆಗಲೇ. ಒಂದು ಗಂಟೆಗೆ ಒಂದು ಪ್ಯಾಡ್ ನೆನೆದರೆ, ಜ್ವರ ಬಂದರೆ, ತಲೆ ಸಿಡಿದರೆ ಯಾರ ಕಷಾಯಕ್ಕೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮೊದಲ ವಾರ ಅಳು ಬರೋದು ಮಾಮೂಲು. ಎರಡು ವಾರ ದಾಟಿದರೂ ಹಾಗೇ ಇದ್ದರೆ ಡಾಕ್ಟರಿಗೆ ಹೇಳಿ. ಸರ್ಕಾರದ ಟೆಲಿ-ಮಾನಸ್ 14416 ಕೂಡ ಇದೆ, ಕನ್ನಡದಲ್ಲೂ ಮಾತಾಡ್ತಾರೆ. ನಂಬರನ್ನು ಗಂಡನ ಫೋನಲ್ಲೂ ಹಾಕಿಡಿ.

ಪೇಡೆಯೂರಿನವಳು, ವಾಕಡ್
ಅತ್ತೆಗೆ ಈಗಷ್ಟೇ ಫೋನ್ ಮಾಡಿದೆ. ಎರಡನೇ ತಿಂಗಳಿಗೆ ಬನ್ನಿ ಅಂದರೆ ಬೇಜಾರಾಗ್ತಾರೇನೋ ಅಂತ ಹೆದರಿದ್ದೆ, ತಟ್ಟನೆ ಒಪ್ಪಿಕೊಂಡರು. ಆದರೆ ಅಂಟಿನುಂಡೆ ಮಾತ್ರ ಮುಂಚೆಯೇ ಕಟ್ಟಿ ಕಳಿಸ್ತಾರಂತೆ. ನನ್ನ ಶುಗರ್ ಸುದ್ದಿ ಅವರಿಗಿನ್ನೂ ಹೇಳಿಲ್ಲ.